ಬೀಗ ತೆಗೆಯುವ ಮೊದಲು ಕಳ್ಳನನ್ನು ಹೊರಹಾಕಿ

ಈ ಅಂಕಣಕ್ಕೆ ಬರುವ ಪ್ರಶ್ನೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಮೊದಲು ಯಾವ ಮೋಡೆಮ್ ಕೊಳ್ಳಲಿ ಎಂದು ಕೇಳುತ್ತಿದ್ದವರು ಈಗ ಯುಪಿಐ ಬಗ್ಗೆ ಕೇಳುತ್ತಾರೆ. ಒಂದು ಪ್ರಶ್ನೆ ಮಾತ್ರ ಇನ್ನೂ ಬರುತ್ತಲೇ ಇದೆ: ‘ಕಂಪ್ಯೂಟರಿಗೆ ವೈರಸ್ ಹೊಕ್ಕಿತ್ತು. ಆ್ಯಂಟಿವೈರಸ್ ಓಡಿಸಿ ತೆಗೆಸಿದೆ. ಆದರೂ ಟಾಸ್ಕ್ ಮ್ಯಾನೇಜರ್ ತೆರೆಯುತ್ತಿಲ್ಲ. ನಿಮ್ಮ ಅಡ್ಮಿನಿಸ್ಟ್ರೇಟರ್ ಇದನ್ನು ನಿಲ್ಲಿಸಿದ್ದಾರೆ ಎಂದು ಬರುತ್ತದೆ. ನಮ್ಮ ಮನೆ ಕಂಪ್ಯೂಟರಿಗೆ ಎಲ್ಲಿಯ ಅಡ್ಮಿನಿಸ್ಟ್ರೇಟರ್? ಫಾರ್ಮ್ಯಾಟ್ ಹೊಡೆಸಿಬಿಡಲಾ?’ ಭದ್ರಾವತಿ ನ್ಯೂಟೌನಿನ ನಿವೃತ್ತರಿಂದ ಹಿಡಿದು ಶಿವಮೊಗ್ಗದಲ್ಲಿ ಓದುವ ಹುಡುಗರವರೆಗೆ ಎಲ್ಲರೂ ಹೆಚ್ಚುಕಮ್ಮಿ ಇದೇ ಮಾತಿನಲ್ಲಿ ಕೇಳುತ್ತಾರೆ. ಇವತ್ತು ಇದೊಂದನ್ನೇ ಬಿಡಿಸಿ ನೋಡೋಣ.

ಪ್ರಶ್ನೆ ಕೇಳಿದವರ ಗುಮಾನಿ ಸರಿಯಾಗಿಯೇ ಇದೆ. ಮನೆಯ ಕಂಪ್ಯೂಟರಿಗೆ ನೀವೇ ಅಡ್ಮಿನಿಸ್ಟ್ರೇಟರ್. ನೀವು ನಿಲ್ಲಿಸದ ಸಲಕರಣೆ ನಿಂತಿದೆ ಎಂದರೆ, ನಿಮ್ಮ ಅಧಿಕಾರವನ್ನು ಬಳಸಿಕೊಂಡು ಬೇರೆ ಯಾರೋ ಅದನ್ನು ನಿಲ್ಲಿಸಿದ್ದಾರೆ. ಕುತಂತ್ರಾಂಶ ಒಳಗೆ ಬಂದಿತ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಅದು ಹೊರಗೆ ಹೋಗಿದೆ ಎನ್ನುವುದಕ್ಕೆ ಇದು ಸಾಕ್ಷಿಯಲ್ಲ. ಕುತಂತ್ರಾಂಶವನ್ನು ತೆಗೆಯುವುದು ಒಂದು ಕೆಲಸ, ಅದು ಹಾಕಿಹೋದ ನಿರ್ಬಂಧಗಳನ್ನು ತೆಗೆಯುವುದು ಇನ್ನೊಂದು ಕೆಲಸ. ಎರಡನ್ನೂ ಮಾಡಬೇಕು, ಈ ಕ್ರಮದಲ್ಲಿಯೇ ಮಾಡಬೇಕು. ನಾನು ನೋಡಿರುವ ತೊಂದರೆಗಳಲ್ಲಿ ಬಹುಪಾಲು ಈ ಕ್ರಮ ತಪ್ಪಿದ್ದರಿಂದಲೇ ಬೆಳೆದಂಥವು.

ಯಾವ ಸಲಕರಣೆಗಳ ಮೇಲೆ ಇವುಗಳ ಕಣ್ಣು ಎಂಬುದನ್ನು ಗಮನಿಸಿದರೆ ಉದ್ದೇಶವೂ ತಿಳಿಯುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಬರುವ ಟಾಸ್ಕ್ ಮ್ಯಾನೇಜರ್ ಈ ಕ್ಷಣದಲ್ಲಿ ಯಾವ ಯಾವ ಪ್ರೋಗ್ರಾಂ ಓಡುತ್ತಿದೆ ಎಂದು ತೋರಿಸುತ್ತದೆ. ಬೇಡದ್ದನ್ನು ಅಲ್ಲಿಂದಲೇ ನಿಲ್ಲಿಸಬಹುದು. ವಿಂಡೋಸ್‌ನ ಎಲ್ಲ ಸೆಟ್ಟಿಂಗ್‌ಗಳೂ ಕೂತಿರುವ ಭಂಡಾರವನ್ನು ರಿಜಿಸ್ಟ್ರಿ ಎಡಿಟರ್ ತೆರೆಯುತ್ತದೆ. ಅಡಗಿಸಿಟ್ಟ ಫೈಲುಗಳನ್ನು ಫೋಲ್ಡರ್ ಆಪ್ಷನ್ಸ್ ಕಣ್ಣಿಗೆ ತರುತ್ತದೆ. ಮೌಸ್ ಕೈಕೊಟ್ಟಾಗ ಕಮಾಂಡ್ ಪ್ರಾಂಪ್ಟ್ ಆಸರೆ. ಸೇಫ್ ಮೋಡ್‌ನಲ್ಲಿ ಶುರುಮಾಡಿದರೆ ಹೊರಗಿನ ಪ್ರೋಗ್ರಾಂಗಳು ಹೆಚ್ಚಿನವು ಏಳುವುದೇ ಇಲ್ಲ. ಇವೆಲ್ಲ ನೋಡುವ, ಹುಡುಕುವ, ನಿಲ್ಲಿಸುವ ಸಲಕರಣೆಗಳು. ಇವು ಮುಚ್ಚಿದರೆ ಕಂಪ್ಯೂಟರ್ ಕೆಡುವುದಿಲ್ಲ. ವರ್ಡ್ ನಡೆಯುತ್ತದೆ, ಬ್ರೌಸರ್ ನಡೆಯುತ್ತದೆ, ಪ್ರಿಂಟರ್ ಓಡುತ್ತದೆ. ನಿಮಗೆ ಕಾಣುವುದು ಮಾತ್ರ ತಪ್ಪುತ್ತದೆ. ಕುತಂತ್ರಾಂಶಕ್ಕೆ ಬೇಕಾದದ್ದು ಸಮಯ, ಅದು ಹೀಗೆ ಸಿಗುತ್ತದೆ.

ಈ ಬೀಗವನ್ನು ವೈರಸ್ ಬರೆದವರು ಹೊಸದಾಗಿ ಕಂಡುಹಿಡಿಯಲಿಲ್ಲ. ಅದನ್ನು ಮಾಡಿಟ್ಟದ್ದು ಮೈಕ್ರೋಸಾಫ್ಟ್, ಅದೂ ಒಳ್ಳೆಯ ಕಾರಣಕ್ಕೆ. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಐವತ್ತು ಕಂಪ್ಯೂಟರ್ ಇವೆ ಎನ್ನಿ. ಹುಡುಗರು ರಿಜಿಸ್ಟ್ರಿಗೆ ಕೈಹಾಕಬಾರದು, ಪರೀಕ್ಷೆಯ ತಂತ್ರಾಂಶವನ್ನು ನಡುವೆ ನಿಲ್ಲಿಸಬಾರದು ಎಂದು ಲ್ಯಾಬ್ ನೋಡಿಕೊಳ್ಳುವವರು ಬಯಸುವುದು ಸಹಜ. ಅದಕ್ಕಾಗಿ ರಿಜಿಸ್ಟ್ರಿಯಲ್ಲಿ ‘ಪಾಲಿಸೀಸ್’ ಎಂಬ ಒಂದು ಜಾಗವಿದೆ. ಅಲ್ಲಿ ‘ಡಿಸೇಬಲ್ ಟಾಸ್ಕ್ ಎಂಜಿಆರ್’ ಎಂಬ ಹೆಸರಿನ ಮುಂದೆ 1 ಎಂದು ಬರೆದರೆ ಟಾಸ್ಕ್ ಮ್ಯಾನೇಜರ್ ಮುಚ್ಚುತ್ತದೆ, 0 ಎಂದು ಬರೆದರೆ ಅಥವಾ ಆ ಸಾಲನ್ನೇ ಅಳಿಸಿದರೆ ತೆರೆಯುತ್ತದೆ. ‘ಡಿಸೇಬಲ್ ರಿಜಿಸ್ಟ್ರಿ ಟೂಲ್ಸ್’ ಎಂಬುದು ರಿಜಿಸ್ಟ್ರಿ ಎಡಿಟರಿಗೆ, ‘ನೋ ಫೋಲ್ಡರ್ ಆಪ್ಷನ್ಸ್’ ಎಂಬುದು ಫೋಲ್ಡರ್ ಆಪ್ಷನ್ಸ್‌ಗೆ, ‘ನೋ ರನ್’ ಎಂಬುದು ಸ್ಟಾರ್ಟ್ ಮೆನುವಿನ ರನ್ ಪೆಟ್ಟಿಗೆಗೆ. ಆದ್ದರಿಂದ ಕಾಲೇಜಿನ ಅಥವಾ ಕಚೇರಿಯ ಕಂಪ್ಯೂಟರಿನಲ್ಲಿ ಈ ಸಂದೇಶ ಬಂದರೆ ಗಾಬರಿ ಬೇಡ, ಮೊದಲು ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರನ್ನು ವಿಚಾರಿಸಿ. ಅವರೇ ಬೇಕೆಂದು ಹಾಕಿರಬಹುದು.

ಇದರಿಂದ ಇನ್ನೊಂದು ವಿಷಯವೂ ಸ್ಪಷ್ಟವಾಗುತ್ತದೆ. ಟಾಸ್ಕ್ ಮ್ಯಾನೇಜರ್ ಎಂಬ ಪ್ರೋಗ್ರಾಂಗೆ ಏನೂ ಆಗಿರುವುದಿಲ್ಲ. ಅದು ತನ್ನ ಜಾಗದಲ್ಲಿ ಸರಿಯಾಗಿಯೇ ಇರುತ್ತದೆ, ತೆರೆಯಬೇಡ ಎಂದು ಒಂದು ಅಂಕಿ ಹೇಳಿರುತ್ತದೆ ಅಷ್ಟೆ. ಅದಕ್ಕೇ ‘ಎಸ್‌ಎಫ್‌ಸಿ ಸ್ಕ್ಯಾನ್ ನೌ’ ಓಡಿಸಿದೆ, ಏನೂ ಪ್ರಯೋಜನವಾಗಲಿಲ್ಲ ಎಂದು ಹಲವರು ಬರೆಯುತ್ತಾರೆ. ಆ ಆಜ್ಞೆ ಕೆಟ್ಟ ಸಿಸ್ಟಮ್ ಫೈಲುಗಳನ್ನು ಹುಡುಕಿ ಸರಿಮಾಡುತ್ತದೆ. ಇಲ್ಲಿ ಫೈಲ್ ಕೆಟ್ಟಿಲ್ಲ, ಸೆಟ್ಟಿಂಗ್ ಬದಲಾಗಿದೆ. ಸರಿಯಾದ ಔಷಧ, ಆದರೆ ಬೇರೆ ರೋಗಕ್ಕೆ.

ನಮ್ಮ ಊರುಗಳಿಗೆ ಈ ತೊಂದರೆ ಬಂದ ಕಾಲ ನೆನಪಿರುವವರು ಇನ್ನೂ ಇದ್ದಾರೆ. 2006ರಿಂದ 2010ರ ನಡುವೆ ಶಿವಮೊಗ್ಗದ ಬ್ರೌಸಿಂಗ್ ಸೆಂಟರುಗಳಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕೂರುತ್ತಿದ್ದೆವು. ಪೆನ್‌ಡ್ರೈವ್ ಆಗಷ್ಟೇ ಎಲ್ಲರ ಕೈಗೆ ಬಂದಿತ್ತು. ಆಗಿನ ವಿಂಡೋಸ್ ಎಕ್ಸ್‌ಪಿ ಪೆನ್‌ಡ್ರೈವ್‌ನಲ್ಲಿರುವ ‘ಆಟೋರನ್’ ಎಂಬ ಚಿಕ್ಕ ಫೈಲನ್ನು ನಂಬುತ್ತಿತ್ತು. ಡ್ರೈವ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು, ಅದರೊಳಗಿನ ಪ್ರೋಗ್ರಾಂ ಓಡಿಬಿಡುತ್ತಿತ್ತು. 2007ರ ಸುಮಾರಿಗೆ ಹರಡಿದ್ದ ಒಂದು ಹುಳ ಆರ್ಕುಟ್ ತೆರೆದ ಕೂಡಲೇ ಅದನ್ನು ಮುಚ್ಚಿ, ಆರ್ಕುಟ್ ನಿಷೇಧವಾಗಿದೆ ಎಂದು ಬೈಯುವ ಪೆಟ್ಟಿಗೆ ತೋರಿಸುತ್ತಿತ್ತು. ‘ಹೀಪ್ 41 ಎ’ ಎಂಬ ಅಡಗಿಸಿದ ಫೋಲ್ಡರಿನಲ್ಲಿ ಅದರ ವಾಸ. ಯಾಹೂ ಮೆಸೆಂಜರ್ ಮೂಲಕ ಬರುತ್ತಿದ್ದ ಸೋಹನಾಡ್ ಟಾಸ್ಕ್ ಮ್ಯಾನೇಜರನ್ನೂ ರಿಜಿಸ್ಟ್ರಿ ಎಡಿಟರನ್ನೂ ಮುಚ್ಚುತ್ತಿತ್ತು. ಇಂಡೋನೇಷ್ಯಾದಿಂದ ಹೊರಟ ಬ್ರೊಂಟಾಕ್ ಫೋಲ್ಡರ್ ಆಪ್ಷನ್ಸನ್ನೇ ಮಾಯ ಮಾಡುತ್ತಿತ್ತು. ರಿಜಿಸ್ಟ್ರಿ ಎಂಬ ಹೆಸರಿನ ಕಿಟಕಿ ತೆರೆದರೆ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಿಬಿಡುತ್ತಿತ್ತು.

ಇನ್ನು ಕೆಲವು ಇವಕ್ಕಿಂತ ಕಠಿಣ. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ವಿಂಡೋಸ್ ಅಪ್‌ಡೇಟನ್ನೂ ಡಿಫೆಂಡರನ್ನೂ ನಿಲ್ಲಿಸಿ, ಆ್ಯಂಟಿವೈರಸ್ ಕಂಪನಿಗಳ ಜಾಲತಾಣಗಳಿಗೆ ಹೋಗುವ ದಾರಿಯನ್ನೂ ಮುಚ್ಚುತ್ತಿತ್ತು. ಅದು ನುಗ್ಗುತ್ತಿದ್ದ ಬಿರುಕಿಗೆ ಮೈಕ್ರೋಸಾಫ್ಟ್ ಅದರ ಹಿಂದಿನ ತಿಂಗಳೇ, ಅಂದರೆ ಅಕ್ಟೋಬರಿನಲ್ಲೇ, ತೇಪೆ ಕೊಟ್ಟಿತ್ತು. ಅಪ್‌ಡೇಟ್ ಹಾಕಿಕೊಳ್ಳದ ಕಂಪ್ಯೂಟರುಗಳು ಸಿಕ್ಕಿಬಿದ್ದವು. ಸ್ಯಾಲಿಟಿ ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೇಫ್ ಮೋಡ್‌ಗೆ ಬೇಕಾದ ರಿಜಿಸ್ಟ್ರಿ ಭಾಗವನ್ನೇ ಅಳಿಸುತ್ತಿತ್ತು. ಕಂಪ್ಯೂಟರಿನಲ್ಲಿದ್ದ ಒಳ್ಳೆಯ ಪ್ರೋಗ್ರಾಂ ಫೈಲುಗಳ ಒಳಗೇ ತನ್ನನ್ನು ಸೇರಿಸಿಕೊಳ್ಳುತ್ತಿತ್ತು. 2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಪೆನ್‌ಡ್ರೈವ್ ಆಟೋರನ್ ನಿಲ್ಲಿಸಿದ ಮೇಲೆ ಆ ಒಂದು ಬಾಗಿಲು ಮುಚ್ಚಿತು.

ಬೇರೆ ಬಾಗಿಲುಗಳು ತೆರೆದುಕೊಂಡವು. ಈಗ ನನಗೆ ಬರುವ ಪ್ರಕರಣಗಳಲ್ಲಿ ಹೆಚ್ಚಿನವು ಕ್ರ್ಯಾಕ್ ಮಾಡಿದ ತಂತ್ರಾಂಶದಿಂದ ಶುರುವಾದಂಥವು. ದುಡ್ಡು ಕೊಡದೆ ವಿಂಡೋಸ್ ಅಥವಾ ಆಫೀಸ್ ಆ್ಯಕ್ಟಿವೇಟ್ ಮಾಡುವ ಪ್ರೋಗ್ರಾಂಗಳು ಮೊದಲು ಹೇಳುವ ಮಾತೇ ‘ಆ್ಯಂಟಿವೈರಸ್ ಆಫ್ ಮಾಡಿ’ ಎಂದು. ನಾವೇ ನಮ್ಮ ಕೈಯಾರೆ ಕಾವಲನ್ನು ಮಲಗಿಸುತ್ತೇವೆ. ಆಮೇಲೆ ಕುತಂತ್ರಾಂಶ ಡಿಫೆಂಡರಿನ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿಗೆ ತನ್ನ ಫೋಲ್ಡರನ್ನೋ ಇಡೀ ಸಿ ಡ್ರೈವನ್ನೋ ಸೇರಿಸಿಬಿಡುತ್ತದೆ. ಡಿಫೆಂಡರ್ ಓಡುತ್ತಿರುತ್ತದೆ, ಹಸಿರು ಗುರುತು ತೋರಿಸುತ್ತಿರುತ್ತದೆ, ಆ ಜಾಗವನ್ನು ಮಾತ್ರ ನೋಡುವುದಿಲ್ಲ. ಕೆಲವೊಮ್ಮೆ ‘ಈ ಸೆಟ್ಟಿಂಗನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬ ಸಾಲು ಬರುತ್ತದೆ. ಯಾವ ಸಂಸ್ಥೆಗೂ ಸೇರದ ಮನೆ ಕಂಪ್ಯೂಟರಿನಲ್ಲಿ ಈ ಸಾಲು ಕಂಡರೆ ಅದು ಹಳೆಯ ಅಡ್ಮಿನಿಸ್ಟ್ರೇಟರ್ ಸಂದೇಶದ ಹೊಸ ರೂಪ ಎಂದೇ ತಿಳಿಯಿರಿ.

ಭದ್ರಾವತಿ ಹಳೇನಗರದ ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಯಲ್ಲಿ ನಾನು ನೋಡಿದ ಕಂಪ್ಯೂಟರ್ ಈ ಕ್ರಮದ ವಿಷಯವನ್ನು ಚೆನ್ನಾಗಿ ತೋರಿಸುತ್ತದೆ. ಅಂಗಡಿಯ ಹುಡುಗ ಡೆಸ್ಕ್‌ಟಾಪ್ ಮೇಲೆ ಒಂದು ರಿಜಿಸ್ಟ್ರಿ ಫೈಲ್ ಇಟ್ಟುಕೊಂಡಿದ್ದ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅದರ ಮೇಲೆ ಡಬಲ್ ಕ್ಲಿಕ್ ಮಾಡುವುದು ಅವನ ರೂಢಿ. ಮಾಡಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ‘ಇದು ಹಂಗೇ ಸಾರ್, ದಿನಾ ಒಂದ್ಸಲ ಹೊಡೀಬೇಕು’ ಎಂದ. ಗಿರಾಕಿಯೊಬ್ಬರು ತಂದ ಪೆನ್‌ಡ್ರೈವ್ ಚುಚ್ಚಿದಾಗ ಅದರಲ್ಲಿದ್ದ ಫೋಲ್ಡರುಗಳೆಲ್ಲ ನಮ್ಮ ಕಣ್ಣೆದುರಿಗೇ ಶಾರ್ಟ್‌ಕಟ್ ಆದವು. ಪ್ರತಿ ಐಕಾನಿನ ಮೂಲೆಯಲ್ಲೂ ಒಂದು ಪುಟ್ಟ ಬಾಣ. ಮಗಳ ಮದುವೆಯ ಆಮಂತ್ರಣ ಪತ್ರಿಕೆ ಅದರಲ್ಲಿತ್ತು, ಅವರ ಮುಖ ಬಾಡಿತು. ನಿಜವಾದ ಫೋಲ್ಡರುಗಳು ಎಲ್ಲೂ ಹೋಗಿರಲಿಲ್ಲ, ಅವುಗಳಿಗೆ ‘ಹಿಡನ್’ ಮತ್ತು ‘ಸಿಸ್ಟಮ್’ ಎಂಬ ಗುರುತು ಹಾಕಿ ಅಡಗಿಸಲಾಗಿತ್ತು. ಯಾರಾದರೂ ಆ ಶಾರ್ಟ್‌ಕಟ್ ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಜೊತೆಗೆ ಒಂದು ಸ್ಕ್ರಿಪ್ಟೂ ಓಡುತ್ತದೆ.

ಹುಡುಗ ದಿನಾ ಮಾಡುತ್ತಿದ್ದದ್ದು ಏನು? ಕಳ್ಳ ಇನ್ನೂ ಅಟ್ಟದ ಮೇಲಿರುವಾಗ ಬಾಗಿಲಿನ ಬೀಗ ತೆಗೆದು ತೆಗೆದು ಇಡುತ್ತಿದ್ದ. ಬೀಗ ಮತ್ತೆ ಬೀಳುತ್ತಿದೆ ಎನ್ನುವುದೇ ಕಳ್ಳ ಒಳಗಿದ್ದಾನೆ ಎನ್ನುವ ಸುದ್ದಿಯಾಗಿತ್ತು. ನಾವು ಮೊದಲು ಇಂಟರ್ನೆಟ್ ಕೇಬಲ್ ತೆಗೆದೆವು, ಪೆನ್‌ಡ್ರೈವ್‌ಗಳನ್ನೆಲ್ಲ ಬದಿಗಿಟ್ಟೆವು. ಡಿಫೆಂಡರಿನ ಎಕ್ಸ್‌ಕ್ಲೂಷನ್ಸ್ ಪಟ್ಟಿಯಲ್ಲಿ ಕೂತಿದ್ದ ಎರಡು ಫೋಲ್ಡರುಗಳನ್ನು ಅಳಿಸಿದೆವು. ಆಮೇಲೆ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಓಡಿಸಿದೆವು. ಅದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಡಿಸ್ಕನ್ನು ಜಾಲಾಡುತ್ತದೆ. ಕುತಂತ್ರಾಂಶ ಎದ್ದಿಲ್ಲದ ಹೊತ್ತಿನಲ್ಲಿ ಹುಡುಕುವುದೇ ಅದರ ಬಲ. ಸ್ಕ್ರಿಪ್ಟ್ ಸಿಕ್ಕಿತು. ಅದನ್ನು ಆಗಾಗ ಎಬ್ಬಿಸುತ್ತಿದ್ದ ಒಂದು ಸಾಲು ಟಾಸ್ಕ್ ಶೆಡ್ಯೂಲರಿನಲ್ಲಿತ್ತು, ಅದನ್ನೂ ತೆಗೆದೆವು. ಇಷ್ಟಾದ ಮೇಲೆ ಹುಡುಗನ ಅದೇ ರಿಜಿಸ್ಟ್ರಿ ಫೈಲನ್ನು ಕೊನೆಯ ಸಲ ಒತ್ತಿದೆವು. ಟಾಸ್ಕ್ ಮ್ಯಾನೇಜರ್ ತೆರೆಯಿತು, ಮತ್ತೆ ಮುಚ್ಚಲಿಲ್ಲ. ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಿ, ಕಮಾಂಡ್ ಪ್ರಾಂಪ್ಟಿನಲ್ಲಿ ‘ಅಟ್ರಿಬ್’ ಆಜ್ಞೆ ಕೊಟ್ಟು ಅಡಗಿಸಿದ ಗುರುತುಗಳನ್ನು ತೆಗೆದಾಗ ಆಮಂತ್ರಣ ಪತ್ರಿಕೆಯೂ ಹೊರಬಂತು.

ನಿಮ್ಮ ಕಂಪ್ಯೂಟರಿನಲ್ಲಿ ಯಾವ ಬಗೆಯ ಬೀಗ ಬಿದ್ದಿದೆ ಎಂಬುದನ್ನು ಅದು ಕೊಡುವ ಸಂದೇಶದಿಂದಲೇ ಗುರುತಿಸಬಹುದು. ಅಡ್ಮಿನಿಸ್ಟ್ರೇಟರ್ ನಿಲ್ಲಿಸಿದ್ದಾರೆ ಎಂದು ಬಂದರೆ ಅದು ಮೇಲೆ ಹೇಳಿದ ಪಾಲಿಸಿ ಬೀಗ. ಟಾಸ್ಕ್ ಮ್ಯಾನೇಜರ್ ಮಿಂಚಿನಂತೆ ತೆರೆದು ತಾನೇ ಮುಚ್ಚಿಕೊಂಡರೆ, ಓಡುತ್ತಿರುವ ಯಾವುದೋ ಪ್ರೋಗ್ರಾಂ ಅದನ್ನು ಕಾದು ಕೊಲ್ಲುತ್ತಿದೆ. ಅಲ್ಲಿ ರಿಜಿಸ್ಟ್ರಿ ತಿದ್ದಿ ಫಲವಿಲ್ಲ, ಸೋಂಕು ಜೀವಂತವಾಗಿದೆ. ಫೈಲ್ ಅಲ್ಲೇ ಇದ್ದರೂ ‘ವಿಂಡೋಸ್‌ಗೆ ಆ ಫೈಲ್ ಸಿಗುತ್ತಿಲ್ಲ’ ಎಂದು ಬಂದರೆ ಮೂರನೆಯ ಬಗೆ. ರಿಜಿಸ್ಟ್ರಿಯಲ್ಲಿ ‘ಇಮೇಜ್ ಫೈಲ್ ಎಕ್ಸಿಕ್ಯೂಷನ್ ಆಪ್ಷನ್ಸ್’ ಎಂಬ ಜಾಗವಿದೆ. ಇಂಥ ಪ್ರೋಗ್ರಾಂ ತೆರೆಯಲು ಹೇಳಿದರೆ ಅದರ ಬದಲು ಇನ್ನೊಂದನ್ನು ತೆರೆ ಎಂದು ಅಲ್ಲಿ ಬರೆದಿಡಬಹುದು. ತಂತ್ರಾಂಶ ತಯಾರಿಸುವವರು ದೋಷ ಹುಡುಕಲಿಕ್ಕೆಂದು ಇಟ್ಟ ಸೌಲಭ್ಯ ಇದು. ಕುತಂತ್ರಾಂಶ ಅಲ್ಲಿ ಆ್ಯಂಟಿವೈರಸ್‌ಗಳ ಹೆಸರನ್ನು ಬರೆದು, ಮುಂದೆ ಇಲ್ಲದ ಫೈಲೊಂದರ ವಿಳಾಸ ಕೊಟ್ಟುಬಿಡುತ್ತದೆ.

ಪಾಲಿಸಿ ಬೀಗ ತೆಗೆಯುವ ದಾರಿಗಳಲ್ಲಿ ನನಗೆ ತುಂಬ ಸುಲಭ ಅನಿಸಿದ್ದು ಇನ್ನೊಂದು ಯೂಸರ್ ಅಕೌಂಟ್. ಈ ನಿರ್ಬಂಧಗಳನ್ನು ಹೆಚ್ಚಾಗಿ ರಿಜಿಸ್ಟ್ರಿಯ ‘ಕರೆಂಟ್ ಯೂಸರ್’ ಎಂಬ ಭಾಗದಲ್ಲಿ ಬರೆದಿರುತ್ತಾರೆ, ಅಂದರೆ ಅವು ಆ ಒಬ್ಬ ಬಳಕೆದಾರನಿಗೆ ಮಾತ್ರ ತಾಗುತ್ತವೆ. ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಅಡ್ಮಿನಿಸ್ಟ್ರೇಟರ್ ಅಕೌಂಟ್ ಮಾಡಿ ಒಳಗೆ ಹೋದರೆ ಟಾಸ್ಕ್ ಮ್ಯಾನೇಜರ್, ರಿಜಿಸ್ಟ್ರಿ ಎಡಿಟರ್ ಎಲ್ಲವೂ ಎಂದಿನಂತೆ ತೆರೆಯುವುದುಂಟು. ವಿಂಡೋಸ್ ಪ್ರೊ ಇದ್ದವರು ಗ್ರೂಪ್ ಪಾಲಿಸಿ ಎಡಿಟರಿಗೆ ಹೋಗಿ, ಯೂಸರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಮ್ ಎಂದು ಇಳಿದು, ಕಂಟ್ರೋಲ್ ಆಲ್ಟ್ ಡೆಲ್ ಆಪ್ಷನ್ಸ್ ಒಳಗಿರುವ ‘ರಿಮೂವ್ ಟಾಸ್ಕ್ ಮ್ಯಾನೇಜರ್’ ಎಂಬುದನ್ನು ‘ಡಿಸೇಬಲ್ಡ್’ ಎಂದು ಆರಿಸಿ ಅಪ್ಲೈ ಮಾಡಬಹುದು. ಅಲ್ಲಿ ‘ನಾಟ್ ಕಾನ್ಫಿಗರ್ಡ್’ ಎಂದು ಮೊದಲೇ ಇದ್ದರೆ ಏನೂ ತೊಂದರೆಯಿಲ್ಲ ಎಂದು ಸುಮ್ಮನಾಗಬೇಡಿ. ಕುತಂತ್ರಾಂಶ ನೇರವಾಗಿ ರಿಜಿಸ್ಟ್ರಿಗೆ ಬರೆದದ್ದು ಈ ಪುಟದಲ್ಲಿ ಕಾಣುವುದಿಲ್ಲ. ವಿಂಡೋಸ್ ಹೋಮ್‌ನಲ್ಲಿ ಈ ಎಡಿಟರ್ ಇರುವುದಿಲ್ಲ, ಅವರಿಗೆ ರಿಜಿಸ್ಟ್ರಿಯೇ ಗತಿ. ಕೈಹಾಕುವ ಮೊದಲು ಆ ಭಾಗವನ್ನು ‘ಎಕ್ಸ್‌ಪೋರ್ಟ್’ ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿ.

ಸೇಫ್ ಮೋಡ್‌ಗೆ ಹೋಗಲು ಹಳೆಯ ಎಫ್8 ಈಗ ಸಾಮಾನ್ಯವಾಗಿ ನಡೆಯುವುದಿಲ್ಲ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂದು ಮುಂದುವರಿದರೆ 4ನೇ ಆಯ್ಕೆಯಾಗಿ ಸೇಫ್ ಮೋಡ್ ಸಿಗುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಚಾಲೂ ಇದ್ದರೆ ಇಲ್ಲಿ ರಿಕವರಿ ಕೀ ಕೇಳಬಹುದು, ಅದನ್ನು ಮೊದಲೇ ಬರೆದಿಟ್ಟುಕೊಂಡಿರುವುದು ಕ್ಷೇಮ. ಸಲಕರಣೆಗಳು ತೆರೆದ ಮೇಲೆ ನೋಡಬೇಕಾದ ಜಾಗಗಳು ಇನ್ನೂ ಇವೆ: ಸ್ಟಾರ್ಟಪ್ ಪಟ್ಟಿ, ಟಾಸ್ಕ್ ಶೆಡ್ಯೂಲರ್, ಡಿಫೆಂಡರಿನ ಎಕ್ಸ್‌ಕ್ಲೂಷನ್ಸ್, ಬ್ರೌಸರಿನ ಎಕ್ಸ್‌ಟೆನ್ಷನ್‌ಗಳು ಮತ್ತು ‘ಹೋಸ್ಟ್ಸ್’ ಎಂಬ ಫೈಲ್. ಈ ಕೊನೆಯದರಲ್ಲಿ ಆ್ಯಂಟಿವೈರಸ್ ತಾಣಗಳ ಹೆಸರು ಕಂಡರೆ ಅವುಗಳ ದಾರಿ ತಪ್ಪಿಸಲಾಗಿದೆ ಎಂದರ್ಥ. ಕೊನೆಗೆ ಸಿಸ್ಟಮ್ ಫೈಲುಗಳೂ ಹಾಳಾಗಿರಬಹುದು ಎಂಬ ಅನುಮಾನವಿದ್ದರೆ ಎಸ್‌ಎಫ್‌ಸಿ ಓಡಿಸಿ. ಅದರ ಸರದಿ ಬರುವುದು ಈಗ.

ಇಷ್ಟೆಲ್ಲ ಯಾಕೆ, ಒಂದೇ ಕ್ಲಿಕ್ಕಿನಲ್ಲಿ ಎಲ್ಲವನ್ನೂ ಸರಿಮಾಡುವ ಟೂಲ್ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಈ ವಿಷಯದಲ್ಲಿ ನನ್ನ ನಿಲುವು ಬಿಗಿ. ಗುರುತುಪರಿಚಯವಿಲ್ಲದ ತಾಣದಿಂದ ಇಳಿಸಿಕೊಂಡ ಪ್ರೋಗ್ರಾಂಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಟ್ಟು ಓಡಿಸಿದ್ದರಿಂದಲೇ ಎಷ್ಟೋ ಜನರಿಗೆ ಈ ಕಷ್ಟ ಬಂದಿರುತ್ತದೆ. ಅದೇ ಬಗೆಯ ಇನ್ನೊಂದು ಪ್ರೋಗ್ರಾಂನಿಂದ ಪರಿಹಾರ ಹುಡುಕುವುದು ಬೇಡ. ಮೈಕ್ರೋಸಾಫ್ಟ್‌ನದೇ ಸಿಸ್‌ಇಂಟರ್ನಲ್ಸ್ ಎಂಬ ಉಚಿತ ಸಲಕರಣೆಗಳ ಗುಂಪಿದೆ. ಮಾರ್ಕ್ ರಸಿನೋವಿಚ್ ಮತ್ತು ಅವರ ಜೊತೆಗಾರರು ಕಟ್ಟಿದ ಆ ಸಂಸ್ಥೆಯನ್ನು ಮೈಕ್ರೋಸಾಫ್ಟ್ 2006ರಲ್ಲಿ ಕೊಂಡುಕೊಂಡಿತು. ಅದರಲ್ಲಿರುವ ‘ಆಟೋರನ್ಸ್’ ಎಂಬ ಪ್ರೋಗ್ರಾಂ ಕಂಪ್ಯೂಟರ್ ಶುರುವಾಗುವಾಗ ತಾನಾಗಿ ಏಳುವ ಎಲ್ಲವನ್ನೂ ಒಂದೇ ಕಡೆ ತೋರಿಸುತ್ತದೆ. ನಾನು ಹೇಳಿದ ಮೂರನೆಯ ಬಗೆಯ ಬೀಗಕ್ಕೂ ಅದರಲ್ಲಿ ಬೇರೆ ಪುಟವೇ ಇದೆ. ಭಾರತ ಸರ್ಕಾರದ ಸರ್ಟ್‌-ಇನ್ 2017ರ ಫೆಬ್ರವರಿಯಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರವೂ ಕುತಂತ್ರಾಂಶ ತೆಗೆಯುವ ಟೂಲ್‌ಗಳನ್ನು ಉಚಿತವಾಗಿ ಕೊಡುತ್ತದೆ. ಪೆನ್‌ಡ್ರೈವ್ ಬಳಕೆಗೆ ಕಡಿವಾಣ ಹಾಕುವ ‘ಯುಎಸ್‌ಬಿ ಪ್ರತಿರೋಧ್’ ಕೂಡ ಅಲ್ಲಿದೆ.

ಹಾಗಾದರೆ ಫಾರ್ಮ್ಯಾಟ್ ಯಾವಾಗ? ರಿಪೇರಿ ಅಂಗಡಿಗೆ ಹೋದರೆ ಮೊದಲು ಬರುವ ಸಲಹೆಯೇ ‘ಓಎಸ್ ಹೊಸದಾಗಿ ಹಾಕೋಣ’ ಎಂಬುದು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಒಂದೊಂದೇ ಜಾಗ ಹುಡುಕುತ್ತಾ ಕೂರುವುದಕ್ಕಿಂತ ಅದು ಬೇಗ ಮುಗಿಯುವ ಕೆಲಸ. ಸ್ಯಾಲಿಟಿಯಂತೆ ಪ್ರೋಗ್ರಾಂ ಫೈಲುಗಳ ಒಳಗೇ ಸೇರಿಕೊಂಡ ಸೋಂಕು ಇದ್ದರೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಬಂದಿದ್ದರೆ, ಆಫ್‌ಲೈನ್ ಸ್ಕ್ಯಾನ್ ಆದಮೇಲೂ ಬೀಗ ಮತ್ತೆ ಬೀಳುತ್ತಿದ್ದರೆ ನಾನೂ ಫಾರ್ಮ್ಯಾಟ್ ಎಂದೇ ಹೇಳುತ್ತೇನೆ. ಬ್ಯಾಂಕಿನ ವ್ಯವಹಾರ ನಡೆಯುವ ಕಂಪ್ಯೂಟರ್ ಆಗಿದ್ದು ಮನಸ್ಸಿನಲ್ಲಿ ಅನುಮಾನ ಉಳಿದರೂ ಅಷ್ಟೆ. ಆದರೆ ಫೈಲುಗಳ ಪ್ರತಿ ತೆಗೆಯದೆ ಫಾರ್ಮ್ಯಾಟ್ ಮಾಡಿಸಬೇಡಿ. ಪ್ರತಿ ತೆಗೆಯುವಾಗ ದಾಖಲೆಗಳು, ಫೋಟೋಗಳು ಮಾತ್ರ ಸಾಕು. ಪ್ರೋಗ್ರಾಂ ಫೈಲುಗಳನ್ನು ಹೊಸ ವಿಂಡೋಸ್‌ಗೆ ತರಬೇಡಿ, ಅವುಗಳ ಜೊತೆ ಸೋಂಕೂ ಬರುತ್ತದೆ.

ಕನ್ನಡದ ಡಿಟಿಪಿ ಅಂಗಡಿಗಳಿಗೆ ಈ ಎಚ್ಚರ ಎರಡು ಪಟ್ಟು ಬೇಕು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ಆಮೇಲೆ ಬಂದ ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಎರಡು ವರ್ಷಕ್ಕೊಮ್ಮೆ ಬರುವ ಕೋಟೆ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಶಿವಮೊಗ್ಗದ ಅಂಗಡಿಗಳಲ್ಲಿ ಕರಪತ್ರ, ಬ್ಯಾನರುಗಳ ಕೆಲಸ ರಾತ್ರಿಯವರೆಗೂ ನಡೆಯುತ್ತದೆ. ಹಿಂದಿನ ಸಲದ ಪೇಜ್‌ಮೇಕರ್, ಕೋರಲ್‌ಡ್ರಾ ಫೈಲುಗಳನ್ನು ತೆರೆದು ತಿದ್ದುವುದೇ ಹೆಚ್ಚು. ಅವಸರದಲ್ಲಿ ಫಾರ್ಮ್ಯಾಟ್ ಹೊಡೆಸಿ, ಹಳೆಯ ಫಾಂಟ್ ಯಾವುದೆಂದು ತಿಳಿಯದೆ ಪರದಾಡಿದವರನ್ನು ಕಂಡಿದ್ದೇನೆ. ಫಾಂಟ್ಸ್ ಫೋಲ್ಡರಿನ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಡಿ. ನುಡಿ, ಬರಹ ತಂತ್ರಾಂಶಗಳನ್ನು ಅವುಗಳ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ, ಗಿರಾಕಿಯ ಪೆನ್‌ಡ್ರೈವ್‌ನಿಂದ ನಕಲು ಮಾಡಬೇಡಿ.

ಮುಂದೆ ಇದು ಆಗದಂತೆ ತಡೆಯಲು ಒಂದೇ ಒಂದು ಸಲಹೆ ಕೊಡಿ ಎಂದರೆ ನಾನು ಕೊಡುವುದು ಇದು: ದಿನನಿತ್ಯದ ಕೆಲಸವನ್ನು ‘ಸ್ಟ್ಯಾಂಡರ್ಡ್’ ಅಕೌಂಟಿನಲ್ಲಿ ಮಾಡಿ. ನಾವು ನೋಡಿದ ಆ ಪಾಲಿಸೀಸ್ ಜಾಗಕ್ಕೆ ಬರೆಯುವ ಅಧಿಕಾರ ಸ್ಟ್ಯಾಂಡರ್ಡ್ ಅಕೌಂಟಿಗೆ ಇಲ್ಲ. ಅಲ್ಲಿ ಓಡುವ ಕುತಂತ್ರಾಂಶ ನಿಮ್ಮ ಪಾಸ್‌ವರ್ಡ್ ಕೇಳದೆ ಟಾಸ್ಕ್ ಮ್ಯಾನೇಜರಿಗೆ ಬೀಗ ಹಾಕಲಾರದು. ಎಕ್ಸ್‌ಪಿ ಕಾಲದಲ್ಲಿ ನಾವೆಲ್ಲರೂ ಅಡ್ಮಿನಿಸ್ಟ್ರೇಟರ್ ಆಗಿಯೇ ಕೂರುತ್ತಿದ್ದೆವು, ಆ ಹುಳಗಳು ಅಷ್ಟು ಸಲೀಸಾಗಿ ಬೀಗ ಹಾಕಲು ಅದೇ ಮುಖ್ಯ ಕಾರಣ. ಡಿಫೆಂಡರಿನ ‘ಟ್ಯಾಂಪರ್ ಪ್ರೊಟೆಕ್ಷನ್’ ಆನ್ ಇದೆಯೇ ನೋಡಿ. 2019ರಲ್ಲಿ ಬಂದ ಈ ಸೌಲಭ್ಯ ಬೇರೆ ಪ್ರೋಗ್ರಾಂಗಳು ಡಿಫೆಂಡರನ್ನು ಮಲಗಿಸದಂತೆ ಕಾಯುತ್ತದೆ. ಇನ್ನೂ ವಿಂಡೋಸ್ 7 ಬಳಸುವ ಅಂಗಡಿಗಳು ನಮ್ಮಲ್ಲಿವೆ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಾನ್‌ಫಿಕರ್ ಕಾಲದಲ್ಲಿ ತೇಪೆ ಇದ್ದೂ ಹಾಕಿಕೊಳ್ಳದವರು ಕೆಟ್ಟರು. ಇಲ್ಲಿ ಸಾಮಾನ್ಯವಾಗಿ ತೇಪೆಯೇ ಬರುವುದಿಲ್ಲ.

ಬೀಗ ತೆಗೆದ ಮೇಲೆ ಎಲ್ಲರೂ ಮರೆಯುವ ಒಂದು ಕೆಲಸ ಉಳಿಯುತ್ತದೆ. ಕುತಂತ್ರಾಂಶ ಅಲ್ಲಿದ್ದಷ್ಟು ದಿನ ಏನನ್ನು ನೋಡಿತು, ಏನನ್ನು ಕದ್ದಿತು ಎಂಬುದು ನಿಮಗೆ ಗೊತ್ತಿಲ್ಲ. ಇಂದಿನ ಕುತಂತ್ರಾಂಶಗಳಲ್ಲಿ ಹಲವಕ್ಕೆ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳೇ ಮುಖ್ಯ ಗುರಿ. ಹಾಗಾಗಿ ಸೋಂಕಿಲ್ಲದ ಬೇರೆ ಕಂಪ್ಯೂಟರ್ ಅಥವಾ ಮೊಬೈಲಿನಿಂದ ಮೇಲ್, ಬ್ಯಾಂಕ್, ಸಾಮಾಜಿಕ ಜಾಲತಾಣಗಳ ಪಾಸ್‌ವರ್ಡ್ ಬದಲಾಯಿಸಿ. ‘ಎಲ್ಲ ಸಾಧನಗಳಿಂದ ಲಾಗ್‌ಔಟ್’ ಎಂಬ ಆಯ್ಕೆ ಇದ್ದರೆ ಅದನ್ನೂ ಒತ್ತಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿ.

ಅಂಗಡಿ ನಡೆಸುವವರಿಗೆ ಕೊನೆಯ ಮಾತು. ನಿಮ್ಮ ಕಂಪ್ಯೂಟರಿನಲ್ಲಿ ಊರಿನವರ ಆಧಾರ್, ಪಹಣಿ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳಿರುತ್ತವೆ. ಸೇವಾ ಸಿಂಧು ಅರ್ಜಿ ತುಂಬಲು ಬಂದವರು ನಿಮ್ಮನ್ನು ನಂಬಿ ಅಲ್ಲೇ ಪಾಸ್‌ವರ್ಡ್ ಹಾಕುತ್ತಾರೆ. ಟಾಸ್ಕ್ ಮ್ಯಾನೇಜರ್ ತೆರೆಯದ ಕಂಪ್ಯೂಟರಿನಲ್ಲಿ ಕೆಲಸ ನಡೆಯುತ್ತದಲ್ಲ ಎಂದು ದಿನ ದೂಡಬೇಡಿ. ಆ ಸಂದೇಶ ಕಂಡ ದಿನವೇ ಇಂಟರ್ನೆಟ್ ತೆಗೆದು, ಗಿರಾಕಿಗಳ ಕೆಲಸವನ್ನು ಬೇರೆ ಕಂಪ್ಯೂಟರಿಗೆ ಸಾಗಿಸಿ. ಆಫ್‌ಲೈನ್ ಸ್ಕ್ಯಾನ್ ಓಡಿಸಿ, ಅದಾದ ನಂತರವೇ ಬೀಗಕ್ಕೆ ಕೈಹಾಕಿ. ಆ ಕಂಪ್ಯೂಟರ್ ನಿಮ್ಮದಿರಬಹುದು, ಅದರೊಳಗಿರುವುದು ಊರಿನವರದ್ದು.